ಗ್ಲಾಸಿನ ಅಂಚು

ಬೆಳಗ್ಗೆ ಏಳು ಗಂಟೆಗೆ ಹೆಂಡತಿಗೆ ಬಿಯರ್ ಕುಡಿಸುವ ಗಂಡ ಇಡೀ ಊರಿಗೆ ಇವನೊಬ್ಬನೇ ಇರಬೇಕು.

“ಈಗಷ್ಟೇ ಹಲ್ಲುಜ್ಜಿದೀನಿ ಕಣ್ರೀ. ನನ್ನ ಕರ್ಮ!” ಎಂದು ಮುಖ ಕಿವುಚಿಕೊಂಡೇ ಅವಳು ಗ್ಲಾಸನ್ನು ತುಟಿಗಿಟ್ಟಳು. ಒಂದು ಗುಟುಕು. “ನಿಂಬೆ ಜಾಸ್ತಿ. ಟೊಮೆಟೊ ಇನ್ನೊಂಚೂರು ಬೇಕು. ಉಪ್ಪು ಸರಿಯಾಗಿದೆ.”

ಗಂಡ ಚಮಚದ ಲೆಕ್ಕದಲ್ಲಿ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ.

ಬಾರಿನಲ್ಲಿ ಅವನನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಕೌಂಟರಿನ ಹಿಂದೆ ನಿಂತು ಪಾನೀಯ ಬೆರೆಸಿದ ಕೈ. ಎರಡು ತಿಂಗಳ ಹಿಂದೆ ಬಂದ ಜ್ವರ, ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಗಿತ್ತು. ಖಾರದ ಉರಿ ಗೊತ್ತಾಗುತ್ತಿತ್ತು, ತಂಪು ಗೊತ್ತಾಗುತ್ತಿತ್ತು. ಉಪ್ಪು, ಹುಳಿ, ಸಿಹಿ, ಕಹಿ ಯಾವುದನ್ನು ಬಾಯಿಗೆ ಹಾಕಿದರೂ ಅವನಿಗೆ ಸಪ್ಪೆ ನೀರೇ. ವಿಷಯ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

“ಬಾರಿನ ಯಜಮಾನರಿಗೆ ನಿಜ ಹೇಳಿಬಿಡಿ” ಎಂದಳು ಅವಳು.

“ಹೇಳಿ? ಸಂಜೆಗೇ ಮನೆಗೆ ಬರ್ಲಾ? ಐವತ್ತು ದಾಟಿದವನಿಗೆ, ಅದೂ ರುಚಿ ಗೊತ್ತಾಗದ ಬಾರಿನವನಿಗೆ, ಯಾರು ಕಣೇ ಕೆಲಸ ಕೊಡ್ತಾರೆ?”

ಅವನ ಭಯ ಸುಳ್ಳಲ್ಲ. ಯಜಮಾನರ ನಾಲಿಗೆಗೆ ಇಡೀ ಬಾರು ಹೆದರುತ್ತಿತ್ತು. ಹೊಸದು ಏನೇ ಬರಲಿ, ಅವರು ರುಚಿ ನೋಡಿ ಒಪ್ಪಬೇಕು. ಸಾಸ್ ಕೆಟ್ಟಿತೆಂದು ಹೋದ ವರ್ಷ ಹಳೆಯ ಅಡುಗೆಯವನನ್ನು ನಿಂತ ಕಾಲ ಮೇಲೆ ಕಳಿಸಿದ್ದರು. ಅವರ ಪದ್ಧತಿಯೇ ಬೇರೆ. ಮೊದಲ ಗುಟುಕು ಕ್ಯಾಶಿನಲ್ಲಿ ಕೂರುವ ಅವರ ಅಕ್ಕನದು. ಹಿರಿಯಳಿಗೆ ಮರ್ಯಾದೆ ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು. ಆಕೆ ತಮ್ಮನ ಕಿವಿಯಲ್ಲಿ ಏನೋ ಮನೆ ಮಾತಾಡಿ ಎದ್ದು ಹೋಗುತ್ತಿದ್ದಳು. ಆಮೇಲೆ ಯಜಮಾನರು ಕುಡಿದು, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದರು. ಅದು ಒಮ್ಮೆಯೂ ತಪ್ಪಿದ್ದಿಲ್ಲ.

ಕಳೆದ ವಾರ ಎರಡು ಗ್ಲಾಸು ಹುಳಿ ಹೆಚ್ಚಾಯಿತೆಂದು ವಾಪಸು ಬಂದಿದ್ದವು. ಯಜಮಾನರು ಎಲ್ಲರ ಮುಂದೆಯೇ ಹೇಳಿದ್ದರು: “ನಿಮ್ಮ ಕೈ ಯಾಕೋ ತಪ್ತಿದೆ ಮಾಸ್ಟರ್. ಬೇಸಿಗೆಗೆ ಅದೇನೋ ಮೆಕ್ಸಿಕೊ ಬಿಯರ್ ಮಾಡ್ತೀನಿ ಅಂದ್ರಲ್ಲ, ಅದೊಂದು ನೋಡ್ತೀನಿ. ಅದೂ ಕೆಟ್ರೆ ಬೇಜಾರು ಮಾಡ್ಕೋಬೇಡಿ.”

ಆ ಪರೀಕ್ಷೆ ಇವತ್ತು. ಅಕ್ಕ ಕಣ್ಣಿನ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದಳು. “ಅಕ್ಕ ಬರಲಿ, ಆಮೇಲೆ ನೋಡಿದ್ರಾಯ್ತು” ಎಂದು ಯಜಮಾನರು ಎರಡು ಸಲ ಮುಂದೂಡಿದ್ದರು. ಮ್ಯಾನೇಜರ್ ಬಿಡಲಿಲ್ಲ. ಹೊರಗೆ ರಸ್ತೆಯ ಡಾಂಬರು ಕರಗುತ್ತಿತ್ತು, ಗಿರಾಕಿಗಳು ಬಾಗಿಲಲ್ಲೇ ಹೊಸ ಪಾನೀಯ ಕೇಳುತ್ತಿದ್ದರು, ಮೆನು ಅಚ್ಚಿಗೆ ಹೋಗಬೇಕಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಮಾಸ್ಟರ್ ಅಡುಗೆಮನೆಗೆ ಹೋದ. ಅವತ್ತು ಬೆಳಗ್ಗೆ ಕಪಾಟು ತೊಳೆದು ಡಬ್ಬಿಗಳನ್ನು ಹೊಸದಾಗಿ ಜೋಡಿಸಿದ್ದರು. ಎಡಗಡೆಯ ಎರಡನೆಯದು ಯಾವಾಗಲೂ ಅವನ ಉಪ್ಪಿನ ಡಬ್ಬಿ. ತಟ್ಟೆಗೆ ಸುರಿದು, ಮೆಣಸಿನಪುಡಿ ಬೆರೆಸಿದ. ಪಕ್ಕದಲ್ಲಿ ಅಡುಗೆಯಮ್ಮ ಈರುಳ್ಳಿ ಹೆಚ್ಚುತ್ತ ನೋಡುತ್ತಿದ್ದಳು. ನೋಡುವವರಿದ್ದಾಗ ರುಚಿ ನೋಡಲೇಬೇಕಲ್ಲ! ಬೆರಳು ಅದ್ದಿ ನೆಕ್ಕಿದ. ಹದವಾಗಿದೆ ಎನ್ನುವಂತೆ ತಲೆಯಾಡಿಸಿದ.

ಉದ್ದನೆಯ ಗ್ಲಾಸಿನ ಅಂಚಿಗೆ ನಿಂಬೆ ಹೋಳು ಸವರಿ, ತಟ್ಟೆಯ ಪುಡಿಯ ಮೇಲೆ ಕವುಚಿ ತಿರುಗಿಸಿದ. ಐಸು, ನಿಂಬೆರಸ, ಟೊಮೆಟೊ ರಸ, ನಾಲ್ಕು ಹನಿ ಖಾರದ ಸಾಸು, ಎರಡು ಹನಿ ಸೋಯಾ ಸಾಸು. ಎಲ್ಲವೂ ಚೀಟಿಯಲ್ಲಿದ್ದಷ್ಟೇ. ಗ್ಲಾಸನ್ನು ಓರೆ ಮಾಡಿ, ನೊರೆ ಉಕ್ಕದಂತೆ ತಣ್ಣನೆಯ ಬಿಯರ್ ಸುರಿದ. ಕೆಂಪು ಬಣ್ಣ ಮೇಲಕ್ಕೇರಿತು. ನೋಡಿದರೇ ದಾಹ ಹುಟ್ಟುವಂತಿತ್ತು.

ಯಜಮಾನರು ಗ್ಲಾಸು ಕೈಗೆ ತೆಗೆದುಕೊಂಡರು, ಆದರೆ ಕುಡಿಯಲಿಲ್ಲ. “ಮೊದ್ಲು ನೀವು ಹೇಳಿ. ಇದ್ರಲ್ಲಿ ಏನೇನಿದೆ?”

ಮಾಸ್ಟರ್ ಒಂದೊಂದಾಗಿ ಹೇಳಿದ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡು, ಮತ್ತೊಮ್ಮೆ ಹೇಳಿಸಿದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅಡುಗೆಯಮ್ಮ ಕೈಸನ್ನೆ ಮಾಡಿದಳು. ಮಾಸ್ಟರ್ ಹಿಂದೆ ಸರಿದು ಕಿವಿಗೊಟ್ಟ.

“ಅಲ್ಲಾ ಮಾಸ್ಟರ್, ಅಂಚಿಗೆ ಉಪ್ಪು ಅಂತಿದೀರಿ, ನೀವು ಹಚ್ಚಿದ್ದು ಸಣ್ಣ ಸಕ್ಕರೆ! ಆಗ್ಲೇ ಕೇಳೋಣ ಅನ್ಕೊಂಡೆ. ನೀವೇ ನೆಕ್ಕಿ ತಲೆ ಆಡಿಸಿದ್ರಲ್ಲ, ಮೆಕ್ಸಿಕೊದವರು ಹಂಗೇ ಕುಡೀತಾರೇನೋ ಅಂತ ಸುಮ್ನಾದೆ.”

ಮಾಸ್ಟರ್ ಗ್ಲಾಸು ಕಸಿದುಕೊಳ್ಳಲೆಂದು ತಿರುಗಿದ. ಕೆಲಸ ಕೆಟ್ಟಿತ್ತು. ಯಜಮಾನರು ಅಂಚನ್ನು ಆಗಲೇ ಅರ್ಧ ಸುತ್ತು ನೆಕ್ಕಿ, ದೊಡ್ಡ ಗುಟುಕು ಇಳಿಸಿ, ಕಣ್ಣು ಮುಚ್ಚಿದ್ದರು. ಇಪ್ಪತ್ತೆರಡು ವರ್ಷ ಮುಗಿಯಿತು ಎಂದುಕೊಂಡ. ಹೆಂಡತಿಗೆ ಏನು ಹೇಳುವುದು? ಕ್ಷಮೆ ಕೇಳಲು ಬಾಯಿ ತೆರೆದ. ಯಜಮಾನರು ಕೈಯೆತ್ತಿ ತಡೆದರು, ಇನ್ನೊಂದು ಗುಟುಕು ಕುಡಿದರು, ನಿಧಾನವಾಗಿ ಕಣ್ಣು ತೆರೆದರು.

“ಭೇಷ್ ಮಾಸ್ಟರ್, ಕೈ ಮತ್ತೆ ಹದಕ್ಕೆ ಬಂದಿದೆ. ಅಂಚಿನಲ್ಲಿ ಉಪ್ಪು ಮಾತ್ರ ಒಂದು ಚಿಟಿಕೆ ಜಾಸ್ತಿಯಾಯ್ತು.”