ಗೋಡೆಯ ಮೇಲಿನ ಬಲೆ

"ಕಡ್ಲ್ ಸ್ಟೈಲೇ ಇರ್ಲಿ ಪದ್ದಕ್ಕ. ಗೋಡಿಗೆ ಬಲೆ ಹಾಕಿರೆ ಫೋಟೋ ಲಾಯ್ಕ್ ಬತ್ತ್," ಎಂದಳು ಅನಿಷಾ. ಮಾರಾಟಕ್ಕಿಟ್ಟ ಮನೆಗಳನ್ನು ಸಿಂಗರಿಸಿ ಫೋಟೋ ತೆಗೆಯುವುದು ಅವಳ ಕೆಲಸ. ಬರೀ ಬಿಳಿ ಗೋಡೆಯದೊಂದು, ಕಡಲಿನದೊಂದು, ಹೀಗೆ ಎರಡು ಮಾದರಿಗಳನ್ನು ಮೊಬೈಲಿನಲ್ಲಿ ತೋರಿಸಿದ್ದಳು. ಮನೆ ಮಾರಲು ಹೊರಟಿದ್ದ ಪದ್ದು ಯಾವುದಕ್ಕೂ ಹೂಂ ಅಂದಿರಲಿಲ್ಲ. ಅಷ್ಟರಲ್ಲಿ ಅಟ್ಟದಲ್ಲಿ ಸಿಕ್ಕ ಬಲೆಯನ್ನು ಅನಿಷಾ ಮೊಳೆಗಳಿಗೆ ಸಿಕ್ಕಿಸಿ, ನಡುವಿನ ದೊಡ್ಡ ತೂತು ಎದ್ದು ಕಾಣುವಂತೆ ಹರಡಿಬಿಟ್ಟಿದ್ದಳು. "ಈ ಹರ್ಕೇ ಚಂದ ಕಾಣತ್ತ್."

"ಅದ್ ಹರ್ದದ್ದಲ್ಲ ಮಗಾ, ಕೊಯ್ದದ್ದ್," ಎಂದಳು ಪದ್ದು, ಬಾಗಿಲಲ್ಲೇ ನಿಂತು. "ನಮ್ಮನಿಯವ್ರ್ ದೋಣಿಯಿಂದ ಬಿದ್ದ್ ಅದ್ರೊಳ್ಗೇ ಸಿಕ್ಕಂಡಿದ್ರ್. ಹೆಣ ಬಿಡ್ಸುಕೆ ಕೊಯ್ದ್ರ್."

ಅನಿಷಾಳ ಕೈ ಬಲೆಯ ಮೇಲೆಯೇ ನಿಂತಿತು. ಬೆಚ್ಚಿ ಅದನ್ನು ಬಿಚ್ಚಲು ಹೋದವಳನ್ನು ಪದ್ದು ತಡೆದಳು. ಒಳಗೆ ಹೋಗಿ ಬಲೆ ಹೆಣೆಯುವ ಸೂಜಿಯನ್ನೂ ದಾರವನ್ನೂ ತಂದಳು. ಊರವರ ಬಲೆಗಳನ್ನೆಲ್ಲ ದಿನಾ ರಿಪೇರಿ ಮಾಡುವ ಅವಳು ಇದೊಂದನ್ನು ಹನ್ನೊಂದು ವರ್ಷ ಮುಟ್ಟಿರಲಿಲ್ಲ. ಈಗ ಗೋಡೆಗೆ ಮುಖ ಮಾಡಿ ನಿಂತು, ಕೊಯ್ದ ಅಂಚಿನಿಂದ ಬಲೆಯ ಒಂದೊಂದೇ ಕಣ್ಣು ಹೆಣೆಯತೊಡಗಿದಳು. ಅನಿಷಾ ಬಲೆಯ ತುದಿಯನ್ನು ಎಳೆದು ಹಿಡಿದುಕೊಂಡಳು.

ತೂತು ಮುಚ್ಚಿತು. ಪದ್ದು ದಾರವನ್ನು ಹಲ್ಲಿನಿಂದ ಕಡಿದು, ಬಲೆಯನ್ನು ಮೊಳೆಗಳಿಂದ ತಾನೇ ಬಿಡಿಸಿ, ಮಡಚಿ ಹೆಗಲ ಮೇಲೆ ಹಾಕಿಕೊಂಡಳು.

"ನಿನ್ನ್ ಬಿಳಿ ಗೋಡಿ ಸ್ಟೈಲೇ ಇರ್ಲಿ ಮಗಾ. ಇದ್ ನನ್ನೊಟ್ಟಿಗೆ ಬಪ್ದ್."