ವಿಮಲಕ್ಕನ ಬಾಯಿಗೆ ಬೀಗ

ಚಪ್ಪಲಿ ಬಿಡುವ ಮೊದಲೇ ಇಂದ್ರಾಣಿ ಶುರುಮಾಡಿದಳು.

"ಮತ್ತೆ ನಿಮ್ಮನ್ನ ಮ್ಯೂಟ್ ಮಾಡಿದಾರೆ ವಿಮಲಕ್ಕಾ! ತಿಂಗಳಿಗೆ ಎರಡು ಸಲ ಇದೇ ಗೋಳು!"

'ಪದ್ಯಜಗಲಿ' ಒಂದು ಕಂಪನಿ ನಡೆಸುವ ಆ್ಯಪಿನ ಗುಂಪು. ಹಳೆಯ ಕಾವ್ಯಗಳನ್ನು ರಾಗವಾಗಿ ಓದಿ ಹಾಕುವವರು ಕೆಲವರು. ಕೇಳಿ ಕೈಮುಗಿಯುವವರು ನೂರಾರು. ತ್ಯಾಗರಾಜನಗರದ ವಿಮಲಾ ಓದುವವರು. ಕತ್ರಿಗುಪ್ಪೆಯ ಇಂದ್ರಾಣಿ ಕೇಳುವವಳು. ಬೆಳಗ್ಗೆ ಆ ದನಿ ಕಿವಿಗೆ ಬೀಳದೆ ಅವಳ ಮನೆಯಲ್ಲಿ ಸಾರು ಕುದಿಯುತ್ತಿರಲಿಲ್ಲ. ಗುಂಪಿಗೆ ಒಬ್ಬರೇ ಅಡ್ಮಿನ್. ಯಾರೆಂದು ಕಂಪನಿ ಹೇಳುವುದಿಲ್ಲ. ಅಡ್ಮಿನ್ ಆದವರೂ ಹೇಳಿಕೊಳ್ಳುವಂತಿಲ್ಲ.

ವಿಮಲಾ ನಕ್ಕು, ಬಾಳೆಹಣ್ಣು, ಹಾಲು ತಂದಿಟ್ಟರು. ಅಡುಗೆಮನೆಯಲ್ಲಿ ಅನ್ನ ಬೆಂದ ಘಮವಿರಲಿಲ್ಲ. ಪಾಪ, ದುಃಖದಲ್ಲಿ ಅಡುಗೆಯನ್ನೂ ಮಾಡಿಲ್ಲ, ಎಂದುಕೊಂಡಳು ಇಂದ್ರಾಣಿ.

"ನಗ್ತೀರಲ್ಲ! ಆ ಮಾರಯ್ಯ ದಿನಾ ಕೆಮ್ಮಿಕೊಂಡು ಓದ್ತಾನೆ, ಅವನಿಗೇನಿಲ್ಲ. ಅವನನ್ನ ಬೈದೆ ಅಂತ ನನ್ನ ಒಂದಿನ ಮ್ಯೂಟ್ ಮಾಡಿದ್ರು. ಸರಿ, ಬೈದಿದ್ದೆ, ಒಪ್ಕೋತೀನಿ. ನೀವೇನು ಮಾಡಿದ್ರಿ? ಯಾರ ಮೇಲೆ ಅನುಮಾನ ಹೇಳಿ, ನಾನು ನೋಡ್ಕೋತೀನಿ!"

ವಿಮಲಾ ಬೇಡವೆಂದು ಕೈಯಾಡಿಸಿದರು. ಎಂಥ ಕ್ಷಮೆ! ಇಂದ್ರಾಣಿಯ ಕಣ್ಣು ತುಂಬಿತು.

ವಿಮಲಾರ ಯಜಮಾನರು ವೆಂಕಟಾಚಲ ಪೇಪರಿನಿಂದ ತಲೆಯೆತ್ತಿದರು. "ಬಿಡಮ್ಮ. ನಾಳೆ ಬೆಳಗ್ಗೆ ಮತ್ತೆ ಶುರುಮಾಡ್ತಾಳೆ. ಇವತ್ತೊಂದಿನ ನನಗೂ ನೆಮ್ಮದಿ."

"ನೀವೂ ಹೀಗಂದ್ರೆ ಹೇಗೆ ಸಾರ್? ಹೆಂಡ್ತಿ ಬಾಯಿಗೆ ಯಾರೋ ಬೀಗ ಹಾಕಿದಾರೆ!"

"ನನ್ನ ಕೈಲಂತೂ ಆಗೋ ಕೆಲಸ ಅಲ್ಲ ಅದು," ಎಂದು ಅವರು ಪೇಪರಿನ ಹಿಂದೆ ಮರೆಯಾದರು.

ಇಂದ್ರಾಣಿ ಅಲ್ಲೇ ಕುಳಿತು ಕಂಪನಿಗೆ ದೂರು ಬರೆದಳು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು. "ಅಧಿಕಾರ ಇದೆಯೆಂದು ಕಾರಣವನ್ನೂ ಹೇಳದೆ ಒಬ್ಬರ ದನಿ ಅಡಗಿಸುವುದು ಯಾವ ನ್ಯಾಯ? ಇಂಥವರು ಅಡ್ಮಿನ್ ಆಗಿರಬಾರದು."

ವಿಮಲಾ ತಲೆಯಾಡಿಸಿದರು. ಕೈಮುಗಿದರು. ಕೊನೆಗೆ ಫೋನಿಗೇ ಕೈಹಾಕಿದರು.

"ಹೆದರ್ಬೇಡಿ ಅಕ್ಕಾ, ನಿಮಗೇನೂ ಆಗಲ್ಲ," ಎಂದು ಇಂದ್ರಾಣಿ ಕಳುಹಿಸಿಯೇಬಿಟ್ಟಳು.

ವಾರದೊಳಗೆ ಉತ್ತರ ಬಂತು. ಸದಸ್ಯರೊಬ್ಬರನ್ನು ಕಾರಣ ತೋರಿಸದೆ ಪದೇಪದೇ ಮ್ಯೂಟ್ ಮಾಡಿರುವುದು ನಿಜ. ಹಳೆಯ ಅಡ್ಮಿನ್ ಅವರನ್ನು ತೆಗೆದಿದ್ದೇವೆ. ನ್ಯಾಯದ ಬಗ್ಗೆ ಇಷ್ಟು ಕಾಳಜಿಯಿರುವ ತಾವೇ ಆ ಜಾಗಕ್ಕೆ ಬರಬೇಕು. ವಿಷಯ ಗುಟ್ಟಾಗಿರಲಿ.

ಇಂದ್ರಾಣಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಇನ್ನು ವಿಮಲಕ್ಕನ ಪದ್ಯಕ್ಕೆ ಯಾರ ಅಡ್ಡಿಯೂ ಇಲ್ಲ! ಕೈ ಒರೆಸಿಕೊಂಡು, ಹೊಸ ಅಡ್ಮಿನ್‌ಗೆಂದು ಬಂದಿದ್ದ ಮೊದಲ ಮನವಿಯನ್ನು ತೆರೆದಳು. ಕಳುಹಿಸಿದವರು ವಿಮಲಾ.

"ನಮಸ್ಕಾರ. ಏಕಾದಶಿಯ ದಿನ ನನಗೆ ಉಪವಾಸ, ಮೌನವ್ರತ. ಆದರೆ ಫೋನ್ ಕಂಡರೆ ಪದ್ಯ ತಾನಾಗಿ ಬಾಯಿಗೆ ಬಂದುಬಿಡುತ್ತದೆ. ದಯವಿಟ್ಟು ಆ ದಿನ ನನ್ನನ್ನು ಮ್ಯೂಟ್ ಮಾಡಿ. ಇಷ್ಟು ದಿನ ನಾನೇ ಮಾಡಿಕೊಳ್ಳುತ್ತಿದ್ದೆ. ಯಾರೋ ಪುಣ್ಯಾತ್ಗಿತ್ತಿ ನನಗೆ ನ್ಯಾಯ ಕೊಡಿಸಿಬಿಟ್ಟಳು."