ಐದನೆಯ ಚಿತ್ರ

ವಿಮಾ ಕಂಪನಿಯ ಔದಾರ್ಯವನ್ನು ಸಾರುವ ಜಾಹೀರಾತಿಗೆ ಐದು ಮುಖಗಳು ಬೇಕಾಗಿದ್ದವು. ಚಿತ್ರ ಕಲಾವಿದೆ ಶಶಿರೇಖಾ ಬರೆದು ತಂದಿದ್ದಳು. ಕೈ, ಕಾಲು, ಬಾಯಿಗಳನ್ನು ಬೇಕಾದ ಹಾಗೆ ಬದಲಾಯಿಸಿ, ಹಬ್ಬದ ಶುಭಾಶಯಕ್ಕೂ ಬಸ್‌ಸ್ಟ್ಯಾಂಡಿನ ಪೋಸ್ಟರಿಗೂ ವರ್ಷಗಟ್ಟಲೆ ಬಳಸಬಹುದಾದ ಚಿತ್ರಗಳು. ಮ್ಯಾನೇಜರ್ ನಾಲ್ಕನ್ನು ಪಕ್ಕಕ್ಕೆ ಸರಿಸಿ ಐದನೆಯದರ ಮೇಲೆ ಬೆರಳಿಟ್ಟ.

"ಆಹಾ! ಗಾಲಿಕುರ್ಚೀಲಿ ಕೂತು ನಗೋ ಹುಡುಗಿ. ಇವಳೇ ನಮ್ಮ ಕಂಪನಿ ಮುಖ ಕಣಮ್ಮ. ಗಾಲಿ ಇನ್ನೂ ಸ್ವಲ್ಪ ದೊಡ್ಡದು ಮಾಡಿ, ದೂರದಿಂದ್ಲೇ ಕಾಣ್ಬೇಕು. ಮೈಬಣ್ಣಾನೂ ಒಂಚೂರು ಕಪ್ಪಾಗ್ಲಿ. ನೋಡಿದೋರ ಕಣ್ಣಲ್ಲಿ ನೀರು ಬರ್ಬೇಕು."

"ಇವಳು ನನ್ನ ಗೆಳತಿ ಹುಲಿಗೆಮ್ಮ ಸರ್. ಅವಳನ್ನ ನೋಡ್ಕೊಂಡೇ ಬರೆದದ್ದು. ಹೋದ ವಾರ ನಿಮ್ಮಲ್ಲೇ ಕೆಲಸ ಕೇಳ್ಕೊಂಡು ಬಂದಿದ್ಲು. ಪರೀಕ್ಷೇಲಿ ಎಲ್ಲರಿಗಿಂತ ಮುಂದಿದ್ರೂ ಬೇಡ ಅಂದ್ರಂತೆ."

"ಓ, ಅವಳಾ? ನಮ್ಮದು ಮೂರನೇ ಮಹಡಿ ತಾಯಿ, ಲಿಫ್ಟಿಲ್ಲ. ದಿನಾ ಹೊತ್ಕೊಂಡು ಬರೋರು ಯಾರು?"

"ಕೆಳಗಡೆ ದೊಡ್ಡ ಕೋಣೆ ಖಾಲಿ ಇದೆಯಲ್ಲ ಸರ್?"

"ಅದು ಗಿರಾಕಿಗಳು ಕೂರೋ ಜಾಗ. ಅಲ್ಲಿ ಗೋಡೆ ತುಂಬಾ ಈ ಹುಡುಗಿ ಚಿತ್ರಾನೇ ಬರೆಸೋದು."

ಶಶಿರೇಖಾ ಚಿತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಆ ಗೋಡೆ ಪಕ್ಕದಲ್ಲೇ ಅವಳಿಗೊಂದು ಮೇಜು ಹಾಕ್ಕೊಡಿ ಸರ್. ನಾನು ಬರೆದದ್ದು ಸುಳ್ಳಾಗೋದು ಬೇಡ."

ಮ್ಯಾನೇಜರ್‌ಗೆ ನಗು ತಡೆಯಲಾಗಲಿಲ್ಲ.

"ಅಂಥೋರು ನಮ್ಮಲ್ಲಿದ್ದಿದ್ರೆ ಅವರ ಫೋಟೋನೇ ತೆಗೆಸಿ ಗೋಡೆಗೆ ಹಾಕ್ತಿದ್ವಲ್ಲಮ್ಮ, ನಿಮ್ಮ ಕೈಲಿ ಯಾಕೆ ಬರೆಸ್ತಿದ್ವಿ?"